ಮೂರು ಸಾಲಿನ ಕೆಳಗೆ

ಮಾರ್ಚ್ ೪, ಸೋಮವಾರ

ಸಿಟ್ಟು ಬಂದಾಗ ಎದುರಿಗಿದ್ದವರ ಮೇಲೆ ಹರಿಹಾಯುವ ಬದಲು ಪುಸ್ತಕದಲ್ಲಿ ಬರೆದಿಡಿ, ಬಿ.ಪಿ. ಇಳಿಯುತ್ತದೆ ಎಂದು ಡಾಕ್ಟರು ಹೇಳಿ ಎರಡು ತಿಂಗಳಾಯಿತು. ಇವತ್ತು ಪುಸ್ತಕ ತೆಗೆದೆ. ಇವತ್ತು ಎಷ್ಟು ಸಿಟ್ಟು ಬಂದಿರಬೇಕು ಎಂದು ಡಾಕ್ಟರೇ ಊಹಿಸಿಕೊಳ್ಳಲಿ.

ಕಚೇರಿಯ ಗೇಟಿನ ಮುಂದೆ ಬೆಳಗ್ಗೆ ಎಂಟೂವರೆಗೇ ಎರಡು ಗುಂಪು. ರಸ್ತೆಯ ಆಚೆಯವರು 'ಇಂಟರ್‌ನೆಟ್ ಎಲ್ಲರಿಗೂ ಒಂದೇ' ಎಂದು ಫಲಕ ಹಿಡಿದಿದ್ದಾರೆ, ಈಚೆಯವರು 'ಉಚಿತ ಪ್ಯಾಕ್ ಬಡವರ ಹಕ್ಕು' ಎಂದು. ಇಬ್ಬರೂ ಗಂಟಲು ಹರಿದುಕೊಳ್ಳುತ್ತಿದ್ದಾರೆ. ನಡುವೆ ನಾನು, ಊಟದ ಡಬ್ಬಿ ಹಿಡಿದುಕೊಂಡು. ಎರಡೂ ಕಡೆಯವರು ಕೈಗೆ ಕರಪತ್ರ ತುರುಕಿದರು. ಎರಡನ್ನೂ ಓದದೆ ಕಸದ ಬುಟ್ಟಿಗೆ ಹಾಕಿ ಮೆಟ್ಟಿಲು ಹತ್ತಿದೆ.

ಗಲಾಟೆಯ ಮೂಲ ಇಷ್ಟೇ. ಇಂಟರ್‌ನೆಟ್ ಕೊಡುವ ಕಂಪನಿ ಎಲ್ಲ ಜಾಲತಾಣಗಳನ್ನೂ ಒಂದೇ ವೇಗದಲ್ಲಿ ಬಿಡಬೇಕು, ತನಗೆ ಬೇಕಾದ್ದನ್ನು ಓಡಿಸಿ ಬೇಡವಾದ್ದನ್ನು ತೆವಳಿಸುವ ಹಾಗಿಲ್ಲ ಎಂದು ಒಂದು ನಿಯಮವಿದೆ. ಸರ್ಕಾರ ಈಗ ಅದನ್ನು ತೆಗೆಯಲು ಹೊರಟಿದೆ. ತೆಗೆದರೆ ಕಂಪನಿಗಳು ಕೆಲವು ತಾಣಗಳನ್ನು ಪುಕ್ಕಟೆ ಕೊಡುತ್ತವಂತೆ, ಮಿಕ್ಕವು ಆಮೆಯ ನಡಿಗೆ. ನಾಲ್ಕಾರು ಊರುಗಳಲ್ಲಿ ಪ್ರಯೋಗವೂ ಶುರುವಾಗಿದೆ. ಜನರ ಅಭಿಪ್ರಾಯ ಕೇಳಿ ಸಮಿತಿಗೆ ವರದಿ ಕೊಡುವುದು ನಮ್ಮ ಕಚೇರಿಯ ಕೆಲಸ. ಬಂದ ಪತ್ರಗಳನ್ನು ವಿಂಗಡಿಸುವುದು ನನ್ನ ವಿಭಾಗದ ಕೆಲಸ. ಎಪ್ಪತ್ತನಾಲ್ಕು ಸಾವಿರ ಪತ್ರ, ನನ್ನ ಕೈಕೆಳಗೆ ಹನ್ನೊಂದು ಜನ. ಮಾರ್ಚ್ ೨೮ಕ್ಕೆ ಸಮಿತಿಯ ಬಹಿರಂಗ ಸಭೆ.

ನಾನಿಲ್ಲದಿದ್ದರೆ ಇವರೆಲ್ಲ ಇನ್ನೂ ಮೊದಲ ಸಾವಿರದಲ್ಲೇ ಒದ್ದಾಡುತ್ತಿದ್ದರು. ಯಾವುದೋ ಸಂಘದವರು ಒಂದು ಮಾದರಿ ಪತ್ರ ಹಂಚಿದ್ದಾರೆ, ಜನ ಅದನ್ನೇ ನಕಲು ಹೊಡೆದು ಕಳಿಸುತ್ತಿದ್ದಾರೆ. ಮೊದಲ ಮೂರು ಸಾಲು ಒಂದೇ ಇದ್ದರೆ ಪತ್ರವೂ ಒಂದೇ. ಎಲ್ಲ ಸೇರಿ ಒಂದು ಕಟ್ಟು, ಒಂದು ಕಟ್ಟಿಗೆ ಒಂದು ಅಭಿಪ್ರಾಯ. ಇದು ನನ್ನ ಸೂತ್ರ. ಕಂಪ್ಯೂಟರಿನಲ್ಲಿ ಮೂರೇ ಸಾಲು ಕಾಣುವ ಹಾಗೆ ಮಾಡಿಸಿದ್ದೂ ನಾನೇ. ಸಾಹೇಬರು ಸುತ್ತೋಲೆಯಲ್ಲಿ ನನ್ನನ್ನು ಹೊಗಳಿ ಬರೆದರು.

ಇಂಥ ಸೂತ್ರಕ್ಕೆ ಇವತ್ತು ಪಟಾಕಿ ತಕರಾರು ತೆಗೆದರು. ಪಟಾಕಿ ಎಂದರೆ ನನ್ನ ಪಕ್ಕದ ಮೇಜಿನವರು, ನನ್ನ ವಾರಿಗೆಯವರೇ. ಸುಮ್ಮನಿದ್ದು ಸುಮ್ಮನಿದ್ದು ಇದ್ದಕ್ಕಿದ್ದಂತೆ ಸಿಡಿಯುತ್ತಾರೆ ಎಂದು ಆ ಹೆಸರು. ಹತ್ತಿಪ್ಪತ್ತು ಪತ್ರಗಳನ್ನಾದರೂ ಪೂರ್ತಿ ಓದಿ ನೋಡೋಣ ಎಂದರು. ನಿಮಗೆ ಅಷ್ಟು ಪುರುಸೊತ್ತಿದ್ದರೆ ಕಾದಂಬರಿ ಓದಿ ಎಂದೆ. ಎಲ್ಲರೂ ನಕ್ಕರು. ಅವರು ನಗಲಿಲ್ಲ. ನನಗೆ ಮಾತ್ರ ಮಧ್ಯಾಹ್ನದವರೆಗೂ ಮೈ ಉರಿಯುತ್ತಿತ್ತು.

ಮಾರ್ಚ್ ೭, ಗುರುವಾರ

ಮನೆಯಲ್ಲೂ ಇದೇ ರಾಮಾಯಣ. ಇವರು ಹೊಸ ಉಚಿತ ಪ್ಯಾಕ್ ಹಾಕಿಸಿಕೊಂಡು ಬಂದಿದ್ದಾರೆ. ಪ್ರಯೋಗದ ಊರುಗಳ ಪಟ್ಟಿಗೆ ನಮ್ಮ ಬಡಾವಣೆಯೂ ಸೇರಿದೆಯಂತೆ. ಮೂವತ್ತು ವರ್ಷ ಬಸ್ ಡಿಪೋದಲ್ಲಿ ಇಂಜಿನ್ ಬಿಚ್ಚಿ ಜೋಡಿಸಿದ ಮನುಷ್ಯ, ಈಗ ಸೋಫಾದ ಮೇಲೆ ಕೂತು ಯಾರೋ ಲಾರಿ ರಿಪೇರಿ ಮಾಡುವುದನ್ನು ನೋಡುತ್ತಾರೆ. ಪುಕ್ಕಟೆ ಕೊಟ್ಟರೆ ಬೇಡ ಅನ್ನುವವರಿಗೆ ತಲೆ ಕೆಟ್ಟಿದೆ ಎಂದು ಶುರು ಮಾಡಿದರು. ಮಾತು ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತಿತ್ತು, ಅರ್ಧದಲ್ಲೇ ಎದ್ದು ಒಳಗೆ ಹೋದೆ. ನೀನು ಯಾವತ್ತು ಒಂದು ಮಾತನ್ನು ಪೂರ್ತಿ ಕೇಳಿದ್ದೀಯ ಎಂದು ಅಲ್ಲಿಂದಲೇ ಕೂಗಿದರು. ಅದನ್ನೂ ಪೂರ್ತಿ ಕೇಳಲಿಲ್ಲ, ನಲ್ಲಿ ತಿರುಗಿಸಿದೆ.

ಸಂಜೆ ತಂಗಿ ವಿಡಿಯೊ ಕರೆ ಮಾಡಿದಳು. ಏಳು ಗಂಟೆ ಬಸ್ ದೂರದ ಊರಿನಲ್ಲಿದ್ದಾಳೆ. ಕಿವಿ ಕೇಳದ ಹದಿನಾಲ್ಕು ಮಕ್ಕಳಿಗೆ, ಒಂದೊಂದು ಮಗು ಒಂದೊಂದು ಮೂಲೆಯಲ್ಲಿ, ವಿಡಿಯೊದಲ್ಲೇ ಸನ್ನೆ ಭಾಷೆಯಲ್ಲಿ ಪಾಠ ಹೇಳುತ್ತಾಳೆ. ಬರೀ ಮಾತಿನ ಕರೆ ಮಾಡಿದರೆ ಈಗೀಗ ಎತ್ತುವುದೇ ಇಲ್ಲ. ಮುಖ ನೋಡಿಯೇ ಮಾತಾಡಬೇಕಂತೆ. ಅಲ್ಲೂ ಪ್ರಯೋಗದ ಪ್ಯಾಕ್, ಆ ವಿಡಿಯೊವೋ ನಿಂತು ನಿಂತು ಬರುತ್ತದೆ. ಒಂದು ಮಾತು ಹೇಳಿದರೆ ಮೂರು ಸಲ "ಹಾಂ?" ಅನ್ನುತ್ತಾಳೆ. ತಲೆ ಚಿಟ್ಟು ಹಿಡಿದು, ಆಮೇಲೆ ಮಾಡುತ್ತೇನೆ ಎಂದು ಇಟ್ಟುಬಿಟ್ಟೆ.

ಮಾರ್ಚ್ ೧೨, ಮಂಗಳವಾರ

ಕಚೇರಿಯ ವೇಳೆಯಲ್ಲಿ ತಂಗಿಯ ಕರೆ. ವರಾಂಡಕ್ಕೆ ಬಂದು ಎತ್ತಿದೆ. ಒಳಗೆ ಸಾಹೇಬರು ಕಾಯುತ್ತಿದ್ದರು.

"ಅಕ್ಕ, ನಿಮ್ಮ ಆಫೀಸಿಗೆ ಒಂದು ಪತ್ರ ಕಳಿಸಿದ್ದೆ. ಓದಿದ್ಯಾ?"

ಎಪ್ಪತ್ತನಾಲ್ಕು ಸಾವಿರದಲ್ಲಿ ಅವಳದು ಯಾವುದೋ. ಓದಿಲ್ಲ ಎಂದರೆ ಮುಖ ಊದಿಸಿಕೊಳ್ಳುತ್ತಾಳೆ. ಓದಿದೆ ಎಂದೆ.

"ಓದಿದ್ಯಾ? ಮತ್ತೆ?"

"ಚೆನ್ನಾಗಿ ಬರೆದಿದ್ದೀಯ. ಅಕ್ಷರ ತಪ್ಪೂ ಇಲ್ಲ."

ಅವಳ ಮುಖ ಹಾಗೇ ನಿಂತಿತು. ನೆಟ್‌ವರ್ಕ್ ಹೋಯಿತು ಎಂದುಕೊಂಡು ಎರಡು ಸಲ ಹಲೋ ಎಂದೆ. ಆಮೇಲೆ ಅವಳು ಕಣ್ಣು ಮಿಟುಕಿಸಿದಳು. ಅಂದರೆ ನಿಂತದ್ದು ವಿಡಿಯೊ ಅಲ್ಲ. ಸರಿ ಅಕ್ಕ ಎಂದು ಇಟ್ಟಳು.

ಇದರಲ್ಲಿ ನನ್ನದೇನು ತಪ್ಪು? ಸುಳ್ಳು ಹೇಳಿದ್ದು ಅವಳ ಸಮಾಧಾನಕ್ಕೇ ತಾನೆ.

ಮಾರ್ಚ್ ೧೬, ಶನಿವಾರ

ನಾಲ್ಕು ದಿನದಿಂದ ತಂಗಿ ಕರೆ ಎತ್ತುತ್ತಿಲ್ಲ. ಕಳಿಸಿದ ಸಂದೇಶಗಳನ್ನೆಲ್ಲ ನೋಡಿದ್ದಾಳೆ, ಉತ್ತರವಿಲ್ಲ. ಅವಳ ಕೊಬ್ಬು ಅವಳಿಗೆ. ನಾನೂ ಮಾಡುವುದಿಲ್ಲ.

ಎರಡು ಸಲ ಮಾಡಿದೆ.

ಮಾರ್ಚ್ ೧೮, ಸೋಮವಾರ

ವರದಿಯ ಕರಡು ಸಿದ್ಧ. ನಿಯಮ ತೆಗೆಯಿರಿ ಎನ್ನುವ ಅಭಿಪ್ರಾಯ ಐದು ಸಾವಿರದ ಮುನ್ನೂರು ಚಿಲ್ಲರೆ, ಉಳಿಸಿ ಎನ್ನುವುದು ನಾಲ್ಕು ಸಾವಿರದ ನೂರು ಚಿಲ್ಲರೆ. ಅರವತ್ತೊಂದು ಸಾವಿರ ಪತ್ರಗಳ ಆ ದೊಡ್ಡ ಕಟ್ಟು ಎರಡನೆಯದರಲ್ಲಿ ಒಂದು ಅಭಿಪ್ರಾಯವಾಗಿ ಕೂತಿದೆ. ಚೊಕ್ಕಟವಾದ ಕೆಲಸ. ಮುಂದಿನ ತಿಂಗಳು ಉಪನಿರ್ದೇಶಕರ ಹುದ್ದೆ ಖಾಲಿಯಾಗುತ್ತದೆ, ನಿಮ್ಮ ಹೆಸರೇ ಮೇಲಿದೆ ಎಂದು ಸಾಹೇಬರು ಹೇಳಿದರು. ಹತ್ತೊಂಬತ್ತು ವರ್ಷ ಕಾದದ್ದಕ್ಕೆ ಖುಷಿಯಾಗಬೇಕಿತ್ತು. ಮನೆಗೆ ಬಂದು ಕಾಲು ಸುಟ್ಟ ಬೆಕ್ಕಿನ ಹಾಗೆ ಅಡುಗೆಮನೆಗೂ ಬಾಲ್ಕನಿಗೂ ಓಡಾಡಿದೆ.

ಟಿವಿಯಲ್ಲಿ ನಾಲ್ವರು ಕೂತು ಇದೇ ವಿಷಯಕ್ಕೆ ಜಗಳ. ಕೇಬಲ್ ಎಳೆದವರು ನಾವು, ಯಾರನ್ನು ಮುಂದೆ ಬಿಡಬೇಕೆಂದು ನಾವೇ ಹೇಳುತ್ತೇವೆ ಎನ್ನುತ್ತಾನೆ ಕಂಪನಿಯವನು. ಹಾಗಾದರೆ ಪುಟ್ಟ ತಾಣಗಳು ಸಾಯಬೇಕೇ ಎನ್ನುತ್ತಾಳೆ ಇನ್ನೊಬ್ಬಳು. ಪುಟ್ಟ ತಾಣ ಎಂದಾಗ ತಂಗಿಯ ತರಗತಿ ನೆನಪಾಯಿತು. ಅವಳು ಯಾವುದರಲ್ಲಿ ಪಾಠ ಮಾಡುತ್ತಾಳೋ, ಅದು ಪ್ಯಾಕಿನಲ್ಲಿದೆಯೋ ಇಲ್ಲವೋ, ನಾನು ಯಾವತ್ತೂ ಕೇಳಿಲ್ಲ. ತಂಗಿ ಯಾಕೆ ಮಾತು ಬಿಟ್ಟಿದ್ದಾಳೆ ಎಂದು ಇವರು ಕೇಳಿದರು. ನನಗೇನು ಗೊತ್ತು ಎಂದೆ.

ಮಾರ್ಚ್ ೨೦, ಬುಧವಾರ

ಬರೆಯಬೇಕೋ ಬೇಡವೋ ತಿಳಿಯದು. ಬರೆಯುತ್ತೇನೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ತಂಗಿಯ ಪತ್ರ ಹುಡುಕಿದೆ. ಅದರಲ್ಲಿ ಏನಿತ್ತೆಂದು ಗೊತ್ತಾದರೆ ಹೇಗಾದರೂ ಪೂಸಿ ಹೊಡೆದು ಸರಿಮಾಡಿಕೊಳ್ಳಬಹುದು ಎಂಬುದೇ ನನ್ನ ಲೆಕ್ಕಾಚಾರ. ಹೆಸರು ಒತ್ತಿದೆ. ದೊಡ್ಡ ಕಟ್ಟಿನಲ್ಲಿತ್ತು. ಮೂರು ಸಾಲು: "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಇಂಟರ್‌ನೆಟ್ ಎಲ್ಲರಿಗೂ ಒಂದೇ ವೇಗದಲ್ಲಿ ದೊರೆಯಬೇಕಾಗಿದ್ದು, ಈಗಿರುವ ನಿಯಮವನ್ನೇ ಮುಂದುವರಿಸಬೇಕಾಗಿ ಪ್ರಾರ್ಥನೆ." ನಕಲು. ಮುಚ್ಚಲು ಹೊರಟವಳು, ಇಷ್ಟಕ್ಕೆ ಇವಳಿಗೆ ಇಷ್ಟು ಮುನಿಸೇ ಎಂದು ಕೆಳಗೆ ಒತ್ತಿದೆ. ಕೆಳಗೆ ಒಂದೂವರೆ ಪುಟವಿತ್ತು.

ತನ್ನ ತಾಣ ಪ್ಯಾಕಿನಲ್ಲಿಲ್ಲ, ಪ್ರಯೋಗ ಶುರುವಾದ ದಿನದಿಂದ ವಿಡಿಯೊ ನಿಂತು ನಿಂತು ಬರುತ್ತಿದೆ ಎಂದು ಬರೆದಿದ್ದಾಳೆ. ಮಾತಾಡುವವರ ಪಾಠದಲ್ಲಿ ಚಿತ್ರ ನಿಂತರೂ ದನಿ ಬರುತ್ತದೆ, ನಮ್ಮದರಲ್ಲಿ ಚಿತ್ರವೇ ದನಿ. ಕೈ ಅರ್ಧಕ್ಕೆ ನಿಂತರೆ ಮಾತೂ ಅರ್ಧಕ್ಕೆ ನಿಲ್ಲುತ್ತದೆ. ಒಂಬತ್ತು ವರ್ಷದ ಒಂದು ಹುಡುಗಿ ತಾನೇ ದಡ್ಡಿ, ತನಗೇ ಅರ್ಥವಾಗುತ್ತಿಲ್ಲ ಎಂದುಕೊಂಡು ತರಗತಿಗೆ ಬರುವುದನ್ನೇ ಬಿಟ್ಟಿದ್ದಾಳಂತೆ. ಆಮೇಲೆ ಹೀಗಿತ್ತು, ಇದ್ದ ಹಾಗೇ ಇಳಿಸುತ್ತೇನೆ:

"ಇನ್ನೊಂದು ವಿಷಯ. ನನಗೂ ಕಿವಿ ಹೋಗುತ್ತಿದೆ. ಇನ್ನು ಮೂರ್ನಾಲ್ಕು ವರ್ಷ ಎಂದು ಡಾಕ್ಟರು ಹೇಳಿದ್ದಾರೆ. ಮನೆಯವರಿಗೆ ಹೇಳುವ ಧೈರ್ಯವಾಗಲಿಲ್ಲ. ನನ್ನ ಅಕ್ಕ ನಿಮ್ಮ ಕಚೇರಿಯಲ್ಲೇ ಇದ್ದಾಳೆ. ಅವಳಿಗೆ ಎದುರಿಗೆ ಹೇಳಿದರೆ ಅರ್ಧದಲ್ಲೇ ಎದ್ದುಹೋಗುತ್ತಾಳೆ. ಪತ್ರ ಓದುವುದು ಅವಳ ಕೆಲಸವಾದ್ದರಿಂದ ಇದನ್ನಾದರೂ ಕೊನೆಯವರೆಗೆ ಓದುತ್ತಾಳೆ ಎಂದು ಇಲ್ಲಿ ಬರೆದಿದ್ದೇನೆ. ಸರ್ಕಾರದವರು ಕ್ಷಮಿಸಬೇಕು."

ಇದಕ್ಕೆ ನಾನು ಚೆನ್ನಾಗಿ ಬರೆದಿದ್ದೀಯ ಎಂದೆ. ಅಕ್ಷರ ತಪ್ಪೂ ಇಲ್ಲ ಎಂದೆ.

ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ರಜಾ ಚೀಟಿ ಬರೆಯುವುದನ್ನು ಹೇಳಿಕೊಟ್ಟವಳೇ ನಾನು. ಮೇಲೆ ಎಲ್ಲರೂ ಬರೆಯುವ ಮಾತು ಬರಿ, ಕೆಳಗೆ ನಿನ್ನ ಮಾತು ಬರಿ ಎಂದಿದ್ದೆ. ಸರ್ಕಾರಕ್ಕೆ ಬರೆಯುವವರೆಲ್ಲ ಹಾಗೇ ಬರೆಯುತ್ತಾರೆ. ಮೇಲಿನ ಸಾಲು ಸ್ವಂತದ್ದಾದರೆ ಮರ್ಯಾದೆಗೆಟ್ಟವರು ಎಂದುಕೊಳ್ಳುತ್ತಾರೇನೋ ಎಂಬ ಹೆದರಿಕೆ. ನಾನೂ ಇಪ್ಪತ್ತೇಳು ವರ್ಷದಿಂದ ಹಾಗೇ ಬರೆದಿದ್ದೇನೆ. ಅಂಥವಳು ಮೇಲಿನ ಮೂರು ಸಾಲು ನೋಡಿ ಜನರನ್ನು ಕಟ್ಟು ಕಟ್ಟಿದೆ.

ಅದರ ಮುಂದಿನ ಪತ್ರ ತೆರೆದು ಕೆಳಗೆ ಒತ್ತಿದೆ. ಅಲ್ಲೂ ಇತ್ತು. ಅದರ ಮುಂದಿನದರಲ್ಲೂ ಇತ್ತು.

ಮಾರ್ಚ್ ೨೧, ಗುರುವಾರ

"ಪತ್ರ ಓದಿದೆ" ಎಂದು ತಂಗಿಗೆ ಟೈಪ್ ಮಾಡಿದೆ. ಆ ಮಾತನ್ನು ಒಂಬತ್ತು ದಿನದ ಹಿಂದೆಯೇ ಹೇಳಿಬಿಟ್ಟಿದ್ದೇನೆ. ಅಳಿಸಿದೆ.

ಮಾರ್ಚ್ ೨೨, ಶುಕ್ರವಾರ

ಎರಡು ದಿನದಲ್ಲಿ ಮುನ್ನೂರ ಹನ್ನೆರಡು ಪತ್ರ ಓದಿದೆ. ಬರೀ ನಕಲು ಇದ್ದದ್ದು ನಲವತ್ತು. ಒಂದು ತಾಣದಲ್ಲಿ ಹೊಲಿಗೆ ಯಂತ್ರ ರಿಪೇರಿಯನ್ನು ನೋಡಿ ಕಲಿತು ಅಂಗಡಿ ಇಟ್ಟವನು, ಈಗ ಆ ತಾಣ ತೆರೆಯುವುದಿಲ್ಲ ಎನ್ನುತ್ತಾನೆ. ಗಂಡನ ಜೊತೆ ಬಾಳಲಾರದೆ ಬಂದು ಪರೀಕ್ಷೆ ಕಟ್ಟಲು ಹೊರಟವಳೊಬ್ಬಳು ಅರ್ಜಿ ತುಂಬುವಾಗ ಪುಟ ನಿಂತು, ಕೊನೆಯ ದಿನಾಂಕ ದಾಟಿತಂತೆ. ಇನ್ನೊಬ್ಬ ಅಜ್ಜಿ ಮೇಲೆ ನಿಯಮ ಉಳಿಸಿ ಎಂದು ನಕಲು ಮಾಡಿ, ಕೆಳಗೆ, ಆದರೆ ಪುಕ್ಕಟೆ ಪ್ಯಾಕ್ ಬಂದ ಮೇಲೇ ಮೊಮ್ಮಗಳು ಪಾಠ ನೋಡುತ್ತಿದ್ದಾಳೆ, ಅದನ್ನೂ ಕಿತ್ತುಕೊಳ್ಳಬೇಡಿ ಎಂದಿದ್ದಾಳೆ. ಅವಳನ್ನು ಯಾವ ಕಡೆಗೆ ಸೇರಿಸಬೇಕೆಂದು ನನಗೆ ತಿಳಿಯಲಿಲ್ಲ. ಯಾವ ಕಡೆಗಾದರೂ ಸೇರಲಿ, ಅವಳು ಒಬ್ಬಳು. ನನ್ನ ವರದಿಯಲ್ಲಿ ಒಬ್ಬಳೂ ಅಲ್ಲ.

ಸಾಹೇಬರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟವರಲ್ಲ. ದಣಿದಿದ್ದಾರೆ, ಮೇ ತಿಂಗಳಿಗೆ ನಿವೃತ್ತಿ.

"ಮೇಡಂ, ವರದಿ ಅಚ್ಚಿಗೆ ಹೋಗಿದೆ. ಸೂತ್ರ ನಿಮ್ಮದು, ಸುತ್ತೋಲೆಯಲ್ಲಿ ನಿಮ್ಮ ಹೆಸರಿದೆ. ಈಗ ತಪ್ಪು ಅಂದ್ರೆ ಅದು ನಿಮ್ಮ ತಲೆಗೇ ಬರೋದು. ಹತ್ತೊಂಬತ್ತು ವರ್ಷ ಕಾದಿದ್ದೀರಿ. ಸ್ವಲ್ಪ ಯೋಚನೆ ಮಾಡಿ."

ಯೋಚನೆ ಮಾಡುತ್ತೇನೆ ಎಂದು ಹೊರಗೆ ಬಂದೆ. ಆ ಕುರ್ಚಿ ನನಗೆ ಬೇಕು. ಬೇಡ ಎಂದು ಈ ಪುಸ್ತಕದಲ್ಲೂ ಬರೆಯಲಾರೆ.

ಮಾರ್ಚ್ ೨೫, ಸೋಮವಾರ

ಊಟ ಸೇರುತ್ತಿಲ್ಲ. ಬಾಲ್ಕನಿಯಲ್ಲಿ ನಿಂತರೆ ಒಳಗೆ ಹೋಗಬೇಕೆನಿಸುತ್ತದೆ, ಒಳಗೆ ಹೋದರೆ ಹೊರಗೆ. ಮೂರು ಸಲ ಒಂದೇ ಕಪಾಟು ಒರೆಸಿದೆ. ಕೊನೆಗೆ ವರದಿಯ ವಿಷಯ ಇವರ ಹತ್ತಿರ ಬಾಯಿಬಿಟ್ಟೆ. ಇವರು ಎದುರಿಗೆ ಬಂದು ಕೂತು, ಡಿಪೋದಲ್ಲಿ ತಾವೊಮ್ಮೆ ಬ್ರೇಕ್ ಪರೀಕ್ಷೆ ಮಾಡದೆ ಬಸ್ಸನ್ನು ಹೊರಗೆ ಬಿಟ್ಟ ಕಥೆ ಹೇಳಿದರು. ಗೇಟು ದಾಟಿದ ಬಸ್ಸಿನ ಹಿಂದೆ ಸೈಕಲ್ ತುಳಿದುಕೊಂಡು ಹೋಗಿ, ಮೂರನೇ ನಿಲ್ದಾಣದಲ್ಲಿ ಅಡ್ಡ ನಿಂತು, ಎಲ್ಲರ ಎದುರಿಗೆ ಡ್ರೈವರನ ಹತ್ತಿರ ಬೈಸಿಕೊಂಡದ್ದು. ಬ್ರೇಕು ಸರಿಯಾಗಿಯೇ ಇತ್ತಂತೆ. ಅರ್ಧ ಗಂಟೆ ಹೇಳಿದರು. ಮದುವೆಯಾಗಿ ಇಪ್ಪತ್ನಾಲ್ಕು ವರ್ಷದಲ್ಲಿ ಈ ಕಥೆ ಯಾಕೆ ಹೇಳಿರಲಿಲ್ಲ ಎಂದು ಕೇಳಿದೆ. ನಾಲ್ಕು ಸಲ ಶುರು ಮಾಡಿದ್ದೆ ಎಂದರು.

ಮಾರ್ಚ್ ೨೮, ಗುರುವಾರ

ಸಭೆ ಆಯಿತು.

ಮುನ್ನೂರು ಕುರ್ಚಿ, ಐನೂರು ಜನ. ಮಾತಾಡುವವರಿಗೆ ಚೀಟಿ ಕೊಡುವ ಮೇಜು ನನ್ನದು. ಒಬ್ಬೊಬ್ಬರಿಗೆ ಮೂರು ನಿಮಿಷ, ಮುಗಿದರೆ ಪಟಾಕಿ ಗಂಟೆ ಬಾರಿಸಬೇಕು. ಮೈಕಿನ ಮುಂದೆ ಬಂದವರೆಲ್ಲ ಹೊರಗೆ ಫಲಕ ಹಿಡಿದವರೇ. ಇವರು ಅವರನ್ನು ಕಂಪನಿಯ ಏಜೆಂಟರು ಎನ್ನುತ್ತಾರೆ, ಅವರು ಇವರನ್ನು ಬಡವರ ಹೊಟ್ಟೆಯ ಮೇಲೆ ಹೊಡೆಯುವವರು ಎನ್ನುತ್ತಾರೆ. ವೇದಿಕೆಯ ಮೇಲೆ ಸಮಿತಿಯ ಐವರ ಮುಂದೆ ನಮ್ಮ ವರದಿ, ನೀಲಿ ರಟ್ಟು. ಅಧ್ಯಕ್ಷೆ ಅದನ್ನು ಎತ್ತಿ, ಜನರ ಅಭಿಪ್ರಾಯ ಇದರಲ್ಲಿ ಸ್ಪಷ್ಟವಾಗಿದೆ ಎಂದರು.

ಐವತ್ತೇಳನೇ ಚೀಟಿ ನನ್ನ ಕೈಯಲ್ಲಿತ್ತು. ಮುಂದೆ ನಿಂತಿದ್ದವನಿಗೆ ಐವತ್ತೆಂಟನೆಯದು ಕೊಟ್ಟೆ.

ಮೈಕಿನ ಹತ್ತಿರ ಹೋದೆ. ಹುದ್ದೆ ಹೇಳಿದೆ. ಆ ವರದಿ ತಪ್ಪು, ತಪ್ಪು ನನ್ನದು, ಅರವತ್ತೊಂದು ಸಾವಿರ ಜನ ಬರೆದದ್ದನ್ನು ಮೂರು ಸಾಲಿಗೆ ಕತ್ತರಿಸಿದವಳು ನಾನು ಎಂದೆ. ಸಾಹೇಬರು ತಲೆ ತಗ್ಗಿಸಿದರು. ಆಮೇಲೆ ಚೀಲದಲ್ಲಿದ್ದ ಪತ್ರಗಳ ಪ್ರತಿ ತೆಗೆದು ನಾಲ್ಕನೆಯ ಸಾಲಿನಿಂದ ಓದತೊಡಗಿದೆ. ಹೊಲಿಗೆ ಯಂತ್ರದವನದು, ಪರೀಕ್ಷೆಯವಳದು, ಅಜ್ಜಿಯದೂ ಓದಿದೆ. ಅಜ್ಜಿಯದು ಓದುವಾಗ ಉಚಿತ ಪ್ಯಾಕಿನ ಕಡೆಯವರು ಚಪ್ಪಾಳೆ ತಟ್ಟಲು ಹೋಗಿ, ಮೇಲೆ ನಿಯಮ ಉಳಿಸಿ ಎಂದೂ ಬರೆದಿದ್ದಾಳೆ ಎಂದಾಗ ಅರ್ಧಕ್ಕೆ ನಿಲ್ಲಿಸಿದರು. ತಂಗಿಯದು ಓದಲಿಲ್ಲ. ಅವಳು ಮನೆಯಲ್ಲೇ ಹೇಳದ ಮಾತನ್ನು ಊರಿಗೆಲ್ಲ ಹೇಳಲು ನಾನ್ಯಾರು. ಮೂರು ನಿಮಿಷ ಯಾವಾಗಲೋ ಮುಗಿದಿತ್ತು. ಪಟಾಕಿ ಗಂಟೆಯನ್ನು ಮಡಿಲಲ್ಲಿಟ್ಟುಕೊಂಡು ಬೇರೆ ಕಡೆ ನೋಡುತ್ತಿದ್ದರು.

ಗಲಾಟೆಯೋ ಗಲಾಟೆ. ಅಧ್ಯಕ್ಷೆ ವರದಿ ಹಿಂದಿರುಗಿಸಿ, ಪ್ರತಿ ಪತ್ರವನ್ನೂ ಪೂರ್ತಿ ಓದಿ ಎರಡು ತಿಂಗಳಲ್ಲಿ ಹೊಸ ವರದಿ ಕೊಡಿ ಎಂದರು. ನಿಯಮ ಉಳಿಯುತ್ತದೋ ಹೋಗುತ್ತದೋ ಆಮೇಲಿನ ಮಾತು. ಸಂಜೆ ನಾಲ್ಕಕ್ಕೆ ನನಗೆ ಆದೇಶ ಬಂತು: ಸೋಮವಾರದಿಂದ ಹಳೆಯ ಕಡತಗಳ ಕೋಣೆ. ನೆಲಮಾಳಿಗೆಯಲ್ಲಿ, ಕಿಟಕಿ ಇಲ್ಲ. ಹೊಟ್ಟೆ ಉರಿಯಿತು, ಇಲ್ಲವೆನ್ನುವುದಿಲ್ಲ. ಶೌಚಾಲಯಕ್ಕೆ ಹೋಗಿ ಅತ್ತು ಮುಖ ತೊಳೆದುಕೊಂಡು ಬಂದೆ.

ಮಾರ್ಚ್ ೨೯, ಶುಕ್ರವಾರ

ಬೆಳಗ್ಗೆ ತಂಗಿಯ ಸಂದೇಶ, ಹದಿನೇಳು ದಿನದ ಮೇಲೆ ಮೊದಲನೆಯದು. ಸಭೆಯನ್ನು ನೇರ ಪ್ರಸಾರದಲ್ಲಿ ನೋಡುತ್ತಿದ್ದಳಂತೆ. "ಅಕ್ಕ, ನೀನು ಮೈಕಿನ ಹತ್ತಿರ ಬಂದೆ, ಬಾಯಿ ತೆರೆದೆ, ಅಷ್ಟಕ್ಕೇ ನಿಂತುಹೋಯಿತು. ಏನು ಹೇಳಿದೆ?"

ಸರ್ಕಾರದ ತಾಣವೂ ಪ್ಯಾಕಿನಲ್ಲಿಲ್ಲ.

ಟೈಪ್ ಮಾಡಿದೆ, ಅಳಿಸಿದೆ. ವಿಡಿಯೊ ಕರೆ ಮಾಡಿದರೆ ಯಾವ ಮಾತಿನ ಮೇಲೆ ನಿಲ್ಲುತ್ತದೋ ಯಾರಿಗೆ ಗೊತ್ತು. ನಾಳೆ ಬೆಳಗಿನ ಬಸ್ಸಿಗೆ ಸೀಟು ಕಾದಿರಿಸಿ ಬಂದು ಚೀಲ ತುಂಬಿಸಿದ್ದೇನೆ.

ಮಾರ್ಚ್ ೩೦, ಶನಿವಾರ

ತಂಗಿಯ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಬಸ್ಸಿನಲ್ಲಿ ಏಳು ಗಂಟೆ ಒಂದೇ ಮಾತನ್ನು ಹೊಂದಿಸಿಕೊಂಡು ಬಂದಿದ್ದೆ. ಬಾಗಿಲು ತೆರೆದಾಗ ಎಲ್ಲ ಮರೆತುಹೋಯಿತು. ಅವಳ ಕೈಯಲ್ಲಿ ಸೀಮೆಸುಣ್ಣದ ಪುಡಿ ಹಾಗೇ ಇತ್ತು, ಈಗ ತಾನೇ ತರಗತಿ ಮುಗಿಸಿದ್ದಳು. ಒಳಗೆ ಬಾ ಎಂದಳು. ನಾನು ಹೊಸ್ತಿಲಲ್ಲೇ ನಿಂತು, ಅವಳ ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಮಾತು ಬಿಡಿಸಿ ಹೇಳಿದೆ.

"ನಿನ್ನ ಪತ್ರ ನಾನು ಓದಿರಲಿಲ್ಲ ಕಣೇ. ಅವತ್ತು ಸುಳ್ಳು ಹೇಳಿದೆ."

ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. ಇನ್ನೊಂದು ಸಲ ಹೇಳು ಎಂದಳು. ಹೇಳಿದೆ. ಸಭೆಯಲ್ಲಿ ಐನೂರು ಜನರ ಮುಂದೆ ಹೇಳಿದ್ದು ಇದರ ಮುಂದೆ ಏನೂ ಅಲ್ಲ. ಅವಳು ಬಾಗಿಲಿನ ಚೌಕಟ್ಟು ಹಿಡಿದುಕೊಂಡು ಅಲ್ಲೇ ಕೆಳಗೆ ಕೂತಳು.

"ಓದಿರಲಿಲ್ವಾ? ಸದ್ಯ. ಎಲ್ಲ ಓದಿ ಆಮೇಲೂ ಅಕ್ಷರ ತಪ್ಪಿಲ್ಲ ಅಂದ್ಯಲ್ಲ ಅಂತ ಹದಿನೆಂಟು ದಿನದಿಂದ ಅಳ್ತಾ ಇದ್ದೀನಿ ಅಕ್ಕ."

ನಾನೂ ಅವಳ ಪಕ್ಕದಲ್ಲಿ ಹೊಸ್ತಿಲ ಮೇಲೆ ಕೂತೆ. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ ತಿಳಿಯದು, ಪಕ್ಕದ ಮನೆಯವರು ಎರಡು ಸಲ ಇಣುಕಿ ಹೋದರು. ಡಾಕ್ಟರು ಏನು ಹೇಳಿದರು, ಯಾವ ಕಿವಿ ಮೊದಲು ಶುರುವಾಯಿತು, ಆ ಒಂಬತ್ತು ವರ್ಷದ ಹುಡುಗಿ ಮತ್ತೆ ಬಂದಳೋ ಇಲ್ಲವೋ, ಎಲ್ಲ ಹೇಳಿದಳು. ಹುಡುಗಿ ಬಂದಿಲ್ಲ. ಸೋಮವಾರ ಇಬ್ಬರೂ ಅವಳ ಮನೆಗೆ ಹೋಗಿ ಬರೋಣ ಎಂದಿದ್ದೇನೆ. ಕಡತಗಳ ಕೋಣೆ ಎಲ್ಲಿಗೂ ಓಡಿಹೋಗುವುದಿಲ್ಲ.

ಅದಕ್ಕೆ ಮುಂಚೆ ಅವಳಿಗೆ ನಿನ್ನ ಹೆಸರನ್ನು ಸನ್ನೆಯಲ್ಲಿ ಹೇಳುವುದನ್ನಾದರೂ ಕಲಿತುಕೋ ಎಂದು ತಂಗಿ ನನ್ನ ಕೈ ಹಿಡಿದು ಬೆರಳು ಮಡಚಿ ತೋರಿಸಿದಳು. ತಪ್ಪು ಮಾಡಿದೆ. ಮತ್ತೆ ತೋರಿಸಿದಳು.